ನೋವನ್ನು ಮರೆಸುವ ಗಾಳಿಯೂ ರಕ್ತದ ಬಿಳಿಯ ಕಣಗಳೂ

ಮಗಳಿಗೆ ಶಸ್ತ್ರಕ್ರಿಯೆ ಆಗಬೇಕೆಂದು ವೈದ್ಯರು ಹೇಳಿದ ದಿವಸ ತಾಯ್ತಂದೆಗಳು ಆಸ್ಪತ್ರೆಯಲ್ಲಿ ಎರಡು ಒಪ್ಪಿಗೆಗಳಿಗೆ ರುಜು ಹಾಕುವರು. ಒಂದು ಶಸ್ತ್ರಕ್ರಿಯೆಗೆ, ಮತ್ತೊಂದು ಅರಿವಳಿಕೆಗೆ. ಮೊದಲನೆಯದನ್ನು ಕುರಿತು ಅವರು ಹತ್ತು ಮಾತು ಕೇಳಿರುವರು: ಎಲ್ಲಿ ಕೊಯ್ಯುವರು, ಎಷ್ಟು ಹೊಲಿಗೆ ಬೀಳುವುದು, ಎಷ್ಟು ದಿವಸ ಮಲಗಿರಬೇಕು, ಮುಂದೆ ಮದುವೆಗೆ ಅಡ್ಡಿಯಾಗುವುದೋ ಇಲ್ಲವೋ ಎಂದು. ಎರಡನೆಯದನ್ನು ಕುರಿತು ಒಂದು ಮಾತನ್ನೂ ಕೇಳುವುದಿಲ್ಲ. ಮೂಗಿಗೆ ಏನೋ ಹಿಡಿಯುವರು, ಮಗು ನಿದ್ದೆ ಹೋಗುವುದು, ಎಚ್ಚರವಾಗುವುದು. ಅಷ್ಟೇ ಎಂದು ತಿಳಿದಿರುವರು. ಈ ಅಲಕ್ಷ್ಯವು ಸರಿಯಲ್ಲವೆಂಬುದೇ ನನ್ನ ಅಭಿಪ್ರಾಯ. ಹಾಗೆಂದು ಹೆದರಿ ಶಸ್ತ್ರಕ್ರಿಯೆಯನ್ನೇ ಬೇಡವೆನ್ನುವುದು ಅದಕ್ಕಿಂತಲೂ ದೊಡ್ಡ ತಪ್ಪು. ಈ ಎರಡರ ನಡುವಣ ದಾರಿ ಯಾವುದೆಂಬುದನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಪೋಷಕರ ಮುಂದೆಯೂ ಇಡುವ ಸಲುವಾಗಿ ಈ ಲೇಖನವನ್ನು ಬರೆದಿರುವೆನು. ನಾನು ವೈದ್ಯಳಲ್ಲ, ಉಪಾಧ್ಯಾಯಿನಿ. ಆದಕಾರಣ ಇಲ್ಲಿ ಔಷಧವನ್ನು ಹೇಳುವ ಸಾಹಸಕ್ಕೆ ಕೈಹಾಕುವುದಿಲ್ಲ. ಕೇಳತಕ್ಕ ಪ್ರಶ್ನೆಗಳನ್ನು ಹೇಳಿಕೊಡುವುದು ಮಾತ್ರ ಉಪಾಧ್ಯಾಯಿನಿಯ ಕೆಲಸ.

ಅರಿವಳಿಕೆಗೆ ಉಪಯೋಗಿಸುವ ವಾಯುಗಳಲ್ಲಿ ಅತ್ಯಂತ ಹಳೆಯದು ನೈಟ್ರಸ್ ಆಕ್ಸೈಡ್ ಎಂಬುದು. ಇದಕ್ಕೆ ನಗೆಗಾಳಿ ಎಂಬ ಹೆಸರೂ ಉಂಟು. 1772ರಲ್ಲಿ ಜೋಸೆಫ್ ಪ್ರೀಸ್ಟ್‌ಲೀ ಎಂಬ ಇಂಗ್ಲಿಷ್ ಪಾದ್ರಿಯವರು ಇದನ್ನು ಕಂಡುಹಿಡಿದರು. ಹಂಫ್ರಿ ಡೇವಿಯು ತಾನೇ ಇದನ್ನು ಸೇವಿಸಿ ನೋಡಿ 1800ರಲ್ಲಿ ಅದನ್ನು ಕುರಿತು ಗ್ರಂಥವನ್ನು ಬರೆದನು. 1844ರಲ್ಲಿ ಅಮೆರಿಕದ ಹೊರೇಸ್ ವೆಲ್ಸ್ ಎಂಬ ದಂತವೈದ್ಯನು ಇದನ್ನು ಸೇವಿಸಿ ತನ್ನ ಹಲ್ಲನ್ನೇ ಕೀಳಿಸಿಕೊಂಡನು. 1846ರಲ್ಲಿ ಈಥರ್ ಬಂದಿತು. ಮರುವರ್ಷವೇ ಎಡಿನ್‌ಬರೋದಲ್ಲಿ ಸಿಂಪ್ಸನ್ ವೈದ್ಯರು ಪ್ರಸವದ ನೋವಿಗೆ ಕ್ಲೋರೋಫಾರಂ ಕೊಟ್ಟರು. ದೇವರು ಸ್ತ್ರೀಗೆ ವಿಧಿಸಿದ ನೋವನ್ನು ಮನುಷ್ಯನು ತೆಗೆಯಕೂಡದೆಂದು ಆಕ್ಷೇಪಿಸುವವರು ಇರುವರೆಂದು ಬಲ್ಲ ಆತನು ಆದಿಕಾಂಡದ ಎರಡನೆಯ ಅಧ್ಯಾಯವನ್ನೇ ತೆರೆದು ತೋರಿಸಿದನು. ಆದಾಮನ ಪಕ್ಕೆಯ ಎಲುಬನ್ನು ತೆಗೆಯುವ ಮೊದಲು ದೇವರು ಅವನಿಗೆ ಗಾಢನಿದ್ರೆಯನ್ನು ಬರಮಾಡಿದನಲ್ಲವೇ ಎಂಬುದು ಆತನ ವಾದ. ಭಾನುವಾರದ ಪಾಠಶಾಲೆಯಲ್ಲಿ ಈ ಅಧ್ಯಾಯವನ್ನು ಬಾಯಿಪಾಠ ಮಾಡಿದ ನಮ್ಮ ಹುಡುಗಿಯರಲ್ಲಿ ಎಷ್ಟು ಮಂದಿಗೆ ಈ ಅರ್ಥ ಹೊಳೆದಿದ್ದೀತೋ ಕಾಣೆ!

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಾದುದರಿಂದ ಇನ್ನೊಂದು ಹೆಸರನ್ನೂ ಹೇಳದೆ ಮುಂದೆ ಹೋಗಲಾರೆನು. ಕ್ಲೋರೋಫಾರಮ್ಮಿನಿಂದ ಅಪಾಯ ಉಂಟೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು 1888ರಲ್ಲಿಯೂ 1889ರಲ್ಲಿಯೂ ಹೈದರಾಬಾದಿನಲ್ಲಿ ನಿಜಾಮರ ಆಶ್ರಯದಲ್ಲಿ ಎರಡು ಸಮಿತಿಗಳು ಕೆಲಸ ಮಾಡಿದವು. ರಾಯಚೂರು, ಕಲಬುರಗಿ, ಬೀದರಗಳು ಆಗ ಆ ಸಂಸ್ಥಾನಕ್ಕೇ ಸೇರಿದ್ದವು. ಅದೇ ಕಾಲದಲ್ಲಿ ಅಲ್ಲಿಯ ವೈದ್ಯಕೀಯ ಶಾಲೆಯಲ್ಲಿ ಓದಿದ ರೂಪಾಬಾಯಿ ಫರ್ದುಂಜಿ ಎಂಬ ಪಾರಸಿ ಮಹಿಳೆಯು ಅರಿವಳಿಕೆ ಕೊಡುವುದರಲ್ಲಿ ನಿಪುಣೆಯಾದರು. ಪ್ರಪಂಚದಲ್ಲಿಯೇ ಈ ಕೆಲಸಕ್ಕೆ ಮೊದಮೊದಲು ಕೈಯಿಟ್ಟ ಸ್ತ್ರೀಯರಲ್ಲಿ ಅವರೊಬ್ಬರು.

ಈಥರೂ ಕ್ಲೋರೋಫಾರಮೂ ಈಗ ಶಸ್ತ್ರಕ್ರಿಯೆಯ ಕೊಠಡಿಯಿಂದ ಹೊರಬಿದ್ದಿವೆ; ನಗೆಗಾಳಿಯು ಇನ್ನೂ ಉಳಿದಿದೆ. ಅದು ನೀಲಿ ಬಣ್ಣದ ಸಿಲಿಂಡರಿನಲ್ಲಿ ಬರುವುದು. ಪ್ರಾಣವಾಯುವಿನ ಸಿಲಿಂಡರು ಕಪ್ಪು, ಅದರ ಹೆಗಲು ಬಿಳುಪು. 2021ರ ಮೇ ತಿಂಗಳ 2ನೆಯ ತಾರೀಖಿನ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ನಡೆದುದನ್ನೂ, 24 ಮನೆಗಳಲ್ಲಿ ದೀಪ ಆರಿದುದನ್ನೂ ಬಲ್ಲ ನಮ್ಮ ಜಿಲ್ಲೆಯವರಿಗೆ ಕಪ್ಪು ಸಿಲಿಂಡರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನೀಲಿಯದನ್ನು ಮಾತ್ರ ನಾವು ವಿಚಾರಿಸಿಲ್ಲ.

ಇನ್ನು ಬಿಳಿಯ ಕಣಗಳ ಮಾತು. ಆರೋಗ್ಯವಂತರ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸುಮಾರು 4,000ದಿಂದ 11,000ದವರೆಗೆ ಬಿಳಿಯ ಕಣಗಳಿರುವುವು. ರೋಗಾಣುಗಳೊಡನೆ ಹೋರಾಡುವ ಸೈನ್ಯವಿದು. ಈ ಸೈನಿಕರಲ್ಲಿ ಬಹುಪಾಲಿನವರ ಆಯುಸ್ಸು ಬಹಳ ಅಲ್ಪ. ಗಂಟೆಗಳಲ್ಲಿ ಇಲ್ಲವೆ ಕೆಲವು ದಿವಸಗಳಲ್ಲಿ ಎಣಿಸುವಂಥಾದ್ದು. ಆದುದರಿಂದ ಎಲುಬಿನೊಳಗಿನ ಮಜ್ಜೆಯು ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿಯಷ್ಟು ಹೊಸ ಕಣಗಳನ್ನು ಹುಟ್ಟಿಸುತ್ತಲೇ ಇರಬೇಕು. ನಮ್ಮ ದೇಹದಲ್ಲಿ ಇಷ್ಟು ಬಿಡುವಿಲ್ಲದ ಕಾರ್ಖಾನೆ ಮತ್ತೊಂದು ಅಪರೂಪ. ಇಂಥ ಕಾರ್ಖಾನೆಗೆ ಬರುವ ಸಾಮಗ್ರಿಯು ನಾಲ್ಕು ದಿವಸ ನಿಂತರೆ ಮೊದಲು ತಿಳಿಯುವುದು ಬಿಳಿಯ ಕಣಗಳ ಎಣಿಕೆಯಲ್ಲಿಯೇ.

ನಗೆಗಾಳಿಯು ಈ ಸಾಮಗ್ರಿಯನ್ನು ನಿಲ್ಲಿಸಬಲ್ಲುದೆಂಬುದು ಡೆನ್ಮಾರ್ಕ್ ದೇಶದಲ್ಲಿ ಗೊತ್ತಾಯಿತು. 1952ರಲ್ಲಿ ಕೋಪನ್‌ಹೇಗನ್ ಪಟ್ಟಣದಲ್ಲಿ ಪೋಲಿಯೋ ಹರಡಿ ಮಕ್ಕಳು ಉಸಿರಾಡಲಾರದೆ ಸಾಯುತ್ತಿದ್ದಾಗ, ಅಲ್ಲಿಯ ಲಾಸೆನ್ ವೈದ್ಯರು ಅರಿವಳಿಕೆ ತಜ್ಞ ಇಬ್ಸೆನ್ನರನ್ನು ಕರೆಸಿದರು. ವೈದ್ಯ ವಿದ್ಯಾರ್ಥಿಗಳು ನೂರಾರು ಮಂದಿ ಸರದಿಯ ಮೇಲೆ ಹಗಲಿರುಳು ಕೂತು, ಕೈಯಿಂದಲೇ ಚೀಲವನ್ನು ಒತ್ತಿ ರೋಗಿಗಳಿಗೆ ಉಸಿರು ಕೊಟ್ಟು ಬದುಕಿಸಿದರು. ಅದೇ ರೀತಿಯಲ್ಲಿ ಧನುರ್ವಾಯು ರೋಗಿಗಳನ್ನೂ ಉಳಿಸಬಹುದೆಂದು ಅವರು ಮುಂದೆ ಯತ್ನಿಸಿದರು. ಧನುರ್ವಾಯುವಿನಲ್ಲಿ ಮೈಯೆಲ್ಲಾ ಬಿಲ್ಲಿನಂತೆ ಸೆಟೆದುಕೊಳ್ಳುವುದು, ನೋವು ಹೇಳತೀರದು. ಮಾಂಸಖಂಡಗಳನ್ನು ಸಡಿಲಿಸುವ ಔಷಧವನ್ನು ಕೊಟ್ಟು, ಯಂತ್ರದಿಂದ ಉಸಿರಾಡಿಸಿ, ನೋವು ತಿಳಿಯದಿರಲೆಂದು ನಗೆಗಾಳಿಯನ್ನು ಒಂದೇ ಸಮನೆ ಹಲವು ದಿವಸ ಕೊಟ್ಟರು. ರೋಗವು ಹಿಮ್ಮೆಟ್ಟುತ್ತಿರುವಾಗಲೇ ಕೆಲವರ ರಕ್ತದಲ್ಲಿ ಬಿಳಿಯ ಕಣಗಳು ಕುಸಿದು ಹೋದವು. ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳೂ ಕಡಿಮೆಯಾದವು. ಮಜ್ಜೆಯು ಕೆಲಸ ನಿಲ್ಲಿಸಿತ್ತು. 1956ರಲ್ಲಿ ಲಾಸೆನ್ನರೂ ಅವರ ಸಂಗಡಿಗರೂ ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ನೂರು ವರ್ಷಕ್ಕೂ ಮೇಲ್ಪಟ್ಟು ನಿರಪಾಯವೆಂದು ನಂಬಿದ್ದ ಗಾಳಿಯನ್ನು ಕುರಿತ ವಾರ್ತೆಯಿದು! ಅವರ ಪ್ರಾಮಾಣಿಕತೆಯನ್ನು ನಾನು ಮುಖ್ಯವಾಗಿ ಎಣಿಸುವೆನು. ತಮ್ಮ ಚಿಕಿತ್ಸೆಯಿಂದಲೇ ಕೇಡಾಯಿತೆಂದು ಬರೆದು ಲೋಕಕ್ಕೆ ತಿಳಿಸುವವರು ವಿರಳ.

ಕೇಡಿನಲ್ಲಿಯೂ ಉಪಯೋಗವನ್ನು ಹುಡುಕುವುದು ಮನುಷ್ಯನ ಸ್ವಭಾವ. ಬಿಳಿಯ ಕಣಗಳು ಮಿತಿಮೀರಿ ಬೆಳೆಯುವ ರಕ್ತದ ಅರ್ಬುದ ರೋಗವುಳ್ಳವರಿಗೆ ಈ ಗಾಳಿಯನ್ನು ಕೊಟ್ಟು ನೋಡಿದರು. ಡೆನ್ಮಾರ್ಕಿನವರು 1959ರಲ್ಲಿಯೂ ಅಮೆರಿಕದವರು 1963ರಲ್ಲಿಯೂ ಫಲವನ್ನು ಪ್ರಕಟಿಸಿದರು. ಗಾಳಿಯನ್ನು ಕೊಡುವವರೆಗೆ ಕಣಗಳು ತಗ್ಗಿದವು; ನಿಲ್ಲಿಸಿದೊಡನೆ ಪುನಃ ಏರಿದವು. ಔಷಧವಾಗಿ ಅದು ನಿಲ್ಲಲಿಲ್ಲ. ಆದರೆ ಗಾಳಿಗೂ ಕಣಗಳಿಗೂ ನೇರವಾದ ಸಂಬಂಧವುಂಟೆಂಬುದು ಇದರಿಂದ ದೃಢಪಟ್ಟಿತು.

ಈ ಸಂಬಂಧದ ಗುಟ್ಟು ಏನು? ಇಲ್ಲಿ ನಮ್ಮ ಗುಂಡ್ಲುಪೇಟೆಯ ರಸ್ತೆಯನ್ನು ಹಿಡಿದು ಬಂಡೀಪುರದ ಕಾಡನ್ನು ದಾಟಿ ನೀಲಗಿರಿಯನ್ನು ಹತ್ತಬೇಕು. ಊಟಿಯ ಆಚೆ ಕೂನೂರಿನಲ್ಲಿ 1929ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆಯು ಕೆಲಸ ಮಾಡುತ್ತಿದ್ದರು. ಬೊಂಬಾಯಿಯ ಬಟ್ಟೆ ಗಿರಣಿಗಳ ಬಡ ಹೆಂಗಸರು ಬಸುರಿಯರಾದಾಗ ರಕ್ತವಿಲ್ಲದೆ ಬಿಳಿಚಿಕೊಂಡು ಸಾಯುತ್ತಿದ್ದುದರ ಕಾರಣವನ್ನು ಆಕೆ ಹುಡುಕುತ್ತಿದ್ದರು. ಇಲಿಗಳಿಗೂ ಕೋತಿಗಳಿಗೂ ಆ ಬಡವರ ಊಟವನ್ನೇ ಉಣ್ಣಿಸಿ ಪರೀಕ್ಷಿಸಿದರು. ಮಾರ್ಮೈಟ್ ಎಂಬ ಅಗ್ಗವಾದ ಹುದುಗಿನ ಸಾರದಿಂದ ಆ ರೋಗವು ವಾಸಿಯಾಗುವುದೆಂದು 1931ರಲ್ಲಿ ತೋರಿಸಿಕೊಟ್ಟರು. ಆ ಸಾರದಲ್ಲಿದ್ದ ವಸ್ತುವೇ ಫೋಲಿಕ್ ಆಮ್ಲ. 1941ರಲ್ಲಿ ಅದನ್ನು ಸೊಪ್ಪಿನಿಂದ ಬೇರ್ಪಡಿಸಿದರು. ಎಲೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಆ ಹೆಸರಾಯಿತು. ಅದರ ಜತೆಗಾರನಾದ ಬಿ-12 ಜೀವಸತ್ವವು 1948ರಲ್ಲಿ ಸಿಕ್ಕಿತು. ಅದರ ರಚನೆಯನ್ನು 1956ರಲ್ಲಿ ತಿಳಿಸಿದವರೂ ಡೊರೊಥಿ ಹಾಜ್‌ಕಿನ್ ಎಂಬ ಒಬ್ಬ ಮಹಿಳೆಯೇ. ಅವರಿಗೆ 1964ರಲ್ಲಿ ನೊಬೆಲ್ ಬಹುಮಾನ ಬಂದಿತು.

ಬಿ-12ರ ನಡುವಿನಲ್ಲಿ ಕೋಬಾಲ್ಟ್ ಎಂಬ ಲೋಹದ ಒಂದು ಪರಮಾಣು ಕೂತಿದೆ. ನಗೆಗಾಳಿಯು ಆ ಕೋಬಾಲ್ಟನ್ನು, ಗಾಳಿಮಳೆಗೆ ಬಿದ್ದ ಗುದ್ದಲಿಗೆ ತುಕ್ಕು ಹಿಡಿಸುವಂತೆ, ಕೆಡಿಸಿಬಿಡುವುದು. ಕೆಟ್ಟ ಬಿ-12 ತನ್ನ ಕೆಲಸವನ್ನು ಮಾಡಲಾರದು. ಅದು ಕೆಲಸ ಮಾಡದಿದ್ದರೆ ಫೋಲಿಕ್ ಆಮ್ಲವು ಮನೆಯಲ್ಲಿದ್ದರೂ ಬೀಗ ಹಾಕಿದ ಕಣಜದಲ್ಲಿದ್ದಂತೆ, ಉಪಯೋಗಕ್ಕೆ ಬಾರದು. ಆಗ ಹೊಸ ಕಣಗಳಿಗೆ ಬೇಕಾದ ಬೀಜದ್ರವ್ಯವು ತಯಾರಾಗುವುದಿಲ್ಲ. ಬೇಗ ಬೇಗ ಇಬ್ಭಾಗವಾಗಬೇಕಾದ ಮಜ್ಜೆಯ ಕಣಗಳು ದೊಡ್ಡವಾಗಿ ಊದಿಕೊಂಡು ಅಲ್ಲಿಯೇ ನಿಲ್ಲುವುವು. 1978ರಲ್ಲಿ ಹೃದಯದ ಶಸ್ತ್ರಕ್ರಿಯೆಯ ರೋಗಿಗಳನ್ನು ಪರೀಕ್ಷಿಸಿದಾಗ, 24 ಗಂಟೆ ಈ ಗಾಳಿಯನ್ನು ಸೇವಿಸಿದವರ ಮಜ್ಜೆಯಲ್ಲಿ ಈ ಮಾರ್ಪಾಟು ಸ್ಪಷ್ಟವಾಗಿ ಕಂಡಿತು. ದೇಹವು ಕೆಟ್ಟುದರ ಬದಲು ಹೊಸದನ್ನು ಮಾಡಿಕೊಳ್ಳಲು ಕೆಲವು ದಿವಸಗಳು ಹಿಡಿಯುವುವು.

ಇಷ್ಟು ಓದಿ ಯಾರೂ ಬೆದರಬಾರದು. ಒಂದೆರಡು ಗಂಟೆಯ ಶಸ್ತ್ರಕ್ರಿಯೆಗೆ, ನೆಟ್ಟಗೆ ಉಣ್ಣುವ ಆರೋಗ್ಯವಂತರಿಗೆ ಈ ಗಾಳಿಯನ್ನು ಕೊಟ್ಟರೆ ಬಿಳಿಯ ಕಣಗಳಿಗೆ ಗಣನೆಗೆ ಬರುವ ಕೇಡೇನೂ ಇಲ್ಲ. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ನಾನಾ ದೇಶಗಳ 7,112 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಇದನ್ನು ಕೊಟ್ಟು, ಉಳಿದವರಿಗೆ ಕೊಡದೆ ಹೋಲಿಸಿ ನೋಡಿದರು. ಸಾವಿನಲ್ಲಾಗಲಿ ಹೃದಯದ ತೊಂದರೆಯಲ್ಲಾಗಲಿ ಗಾಯ ಕೀವಾಗುವುದರಲ್ಲಾಗಲಿ ಹೆಚ್ಚಳವು ಕಾಣಲಿಲ್ಲ. ವಾಂತಿ ಮಾತ್ರ ಸ್ವಲ್ಪ ಹೆಚ್ಚು. ಅಲ್ಲದೆ ಈಗ ಎಲ್ಲಾ ಶಸ್ತ್ರಕ್ರಿಯೆಗಳಿಗೂ ಈ ಗಾಳಿಯನ್ನು ಕೊಡುವುದಿಲ್ಲ. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸುವಾಗ ಸಾಮಾನ್ಯವಾಗಿ ಬೆನ್ನಿಗೇ ಸೂಜಿಮದ್ದು ಕೊಡುವರು. ಅನೇಕ ಆಸ್ಪತ್ರೆಗಳಲ್ಲಿ ಹೊಸ ಔಷಧಗಳು ನಗೆಗಾಳಿಯ ಸ್ಥಳವನ್ನು ಹಿಡಿದಿವೆ.

ನಮ್ಮ ಶಾಲೆಯ ಪೋಷಕರೊಬ್ಬರು, ತೆರಕಣಾಂಬಿಯ ಕಡೆಯ ರೈತರು, ತಮ್ಮ ಹಿರಿಯ ಮಗಳಿಗೆ ಕರುಳುಬಾಲದ ಶಸ್ತ್ರಕ್ರಿಯೆ ಮಾಡಿಸಿದ್ದರು. ಮರುದಿನದ ರಕ್ತಪರೀಕ್ಷೆಯ ಚೀಟಿಯಲ್ಲಿ ಬಿಳಿಯ ಕಣಗಳು 14,000 ಎಂದಿದ್ದುದನ್ನು ಕಂಡು, ಗ್ಯಾಸು ಕೊಟ್ಟು ಮಗುವಿನ ರಕ್ತ ಕೆಡಿಸಿದರು ಎಂದು ಯಾರೋ ಹೇಳಿದ ಮಾತನ್ನು ನಂಬಿದರು. ಕಿರಿಯವಳಿಗೆ ಗಂಟಲಿನ ಗಡ್ಡೆಗಳನ್ನು ತೆಗೆಸಬೇಕಾಗಿ ಬಂದಾಗ ಒಂದು ವರ್ಷ ಮುಂದಕ್ಕೆ ಹಾಕಿದರು. ಆ ವರ್ಷವೆಲ್ಲಾ ಹುಡುಗಿಯು ಜ್ವರದಿಂದ ಮಲಗಿ ಪಾಠ ಕಳೆದುಕೊಂಡಳು. ವಾಸ್ತವವಾಗಿ ಸೋಂಕಿನಿಂದಲೂ ಶಸ್ತ್ರಕ್ರಿಯೆಯ ಆಯಾಸದಿಂದಲೂ ಬಿಳಿಯ ಕಣಗಳು ಏರುವುದು ದೇಹದ ಧರ್ಮ. ಈ ಗಾಳಿಯ ಕೇಡು ಇರುವುದು ಏರಿಸುವುದರಲ್ಲಿ ಅಲ್ಲ, ಇಳಿಸುವುದರಲ್ಲಿ. ಅದೂ ದಿನಗಟ್ಟಲೆ ಕೊಟ್ಟಾಗ ಇಲ್ಲವೆ ಮತ್ತೆ ಮತ್ತೆ ಕೊಟ್ಟಾಗ. ಚೀಟಿಯಲ್ಲಿರುವ ಅಂಕೆಯನ್ನು ಓದಲು ಬಂದರೆ ಸಾಲದು, ಅದು ಯಾವ ದಿಕ್ಕಿಗೆ ಹೋದರೆ ಏನರ್ಥವೆಂಬುದೂ ತಿಳಿದಿರಬೇಕು. ಅರ್ಧ ತಿಳಿವಳಿಕೆಯು ಆ ಮನೆಗೆ ಮಾಡಿದಷ್ಟು ಕೇಡನ್ನು ನಗೆಗಾಳಿಯು ಮಾಡಿರಲಿಲ್ಲ.

ಹಾಗಾದರೆ ಯಾರು ಎಚ್ಚರವಾಗಿರಬೇಕು? ಬಿ-12 ಮೊದಲೇ ಕಡಿಮೆಯಿರುವವರು. ಈ ಜೀವಸತ್ವವು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರುಗಳಲ್ಲಿ ಮಾತ್ರ ದೊರೆಯುವುದು. ರಾಗಿಯಲ್ಲಿಲ್ಲ, ಅವರೆಯಲ್ಲಿಲ್ಲ, ಸೊಪ್ಪಿನಲ್ಲಿಲ್ಲ, ನಮ್ಮ ಸೀಮೆಯ ಬಾಳೆಹಣ್ಣಿನಲ್ಲಿಯೂ ಇಲ್ಲ. ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ಲಿಂಗಾಯತರು, ಜೈನರು, ಬ್ರಾಹ್ಮಣರು ಮೊದಲಾದ ಶಾಕಾಹಾರಿ ಮನೆತನಗಳು ಬಹಳ. ಆ ಮನೆಗಳ ಹುಡುಗಿಯರು ನಮ್ಮ ಶಾಲೆಯಲ್ಲಿ ಎಂದಿನಿಂದಲೂ ಓದುತ್ತ ಬಂದಿರುವರು. ಅವರ ಆಚಾರವನ್ನು ಬಿಡಿರೆಂದು ಹೇಳುವುದು ನನ್ನ ಉದ್ದೇಶವಲ್ಲ. ಹಾಲು ಮೊಸರು ಸಾಕಷ್ಟು ಉಂಡರೆ ಆಚಾರವೂ ಉಳಿಯುವುದು, ಬಿ-12 ಕೂಡ ಸಿಕ್ಕುವುದು. ಆದರೆ ಮನೆಯಲ್ಲಿ ಕರೆದ ಹಾಲು ಡೈರಿಗೆ ಹೋಗಿ, ಉಳಿದ ಚೂರು ಗಂಡುಮಕ್ಕಳ ಲೋಟಕ್ಕೆ ಬಿದ್ದು, ಹೆಣ್ಣುಮಗುವಿಗೆ ನೀರುಮಜ್ಜಿಗೆ ಮಾತ್ರ ಮಿಕ್ಕರೆ, ಅದು ಆಚಾರವಲ್ಲ, ಪಕ್ಷಪಾತ! ಮಾಂಸ ತಿನ್ನುವ ಮನೆಗಳಲ್ಲಿಯೂ ಬಡತನದಿಂದ ತಿಂಗಳಿಗೊಂದು ಸಲ ಮಾತ್ರ ಸಾರು ಕಾಣುವುದುಂಟು. ಅವರನ್ನೂ ಇದೇ ಸಾಲಿಗೆ ಸೇರಿಸಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನೂ, ಹೊಟ್ಟೆಯ ಹುಳಿಗೆ ಒಮೆಪ್ರಜೋಲನ್ನೂ ವರ್ಷಗಟ್ಟಲೆ ನುಂಗುವ ಹಿರಿಯರಲ್ಲಿಯೂ ಬಿ-12 ಇಳಿಯುವುದು. ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರ ವಿಷಯವೂ ಉಂಟು. ಆ ಔಷಧವು ಫೋಲಿಕ್ ಆಮ್ಲದ ದಾರಿಯನ್ನೇ ತಡೆಯುವಂಥಾದ್ದು. ಅದರ ಮೇಲೆ ನಗೆಗಾಳಿಯೂ ಸೇರಿದರೆ ಮಜ್ಜೆಗೆ ಎರಡು ಏಟು. ಇಂಥವರಿಗೆ ಕೇಡು ತಗಲುವುದು ರಕ್ತಕ್ಕೆ ಮಾತ್ರವಲ್ಲ. ಬಿ-12 ಕಡಿಮೆಯಿದ್ದವರಿಗೆ ಈ ಗಾಳಿಯಾದ ಮೇಲೆ ಕೆಲವು ವಾರಗಳಲ್ಲಿ ಕೈಕಾಲು ಜೋಮು ಹಿಡಿದು ನಡಿಗೆಯೇ ತಪ್ಪಿದ ಸಂಗತಿಗಳು ವೈದ್ಯಪತ್ರಿಕೆಗಳಲ್ಲಿ ಬಂದಿವೆ.

ಬೆಂದ ಗಾಯಗಳಿಗೆ ದಿನವೂ ಕಟ್ಟು ಬದಲಾಯಿಸುವಾಗ ನೋವಿಗಾಗಿ ಈ ಗಾಳಿಯನ್ನು ಕೊಡುವ ಪದ್ಧತಿಯುಂಟು. ಒಲೆಯ ಮುಂದೆ ಸುಟ್ಟುಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚೆಂಬುದನ್ನು ನಾನು ಹೇಳಬೇಕಾಗಿಲ್ಲ. ಒಂದೊಂದು ಸಲವೂ ಅಲ್ಪಕಾಲವೇ ಆದರೂ, ದೇಹವು ಚೇತರಿಸಿಕೊಳ್ಳುವ ಮೊದಲೇ ಮತ್ತೆ ಕೊಟ್ಟರೆ ಫಲವು ಕೂಡುತ್ತ ಹೋಗುವುದು. ಇಂಥಲ್ಲಿ ರಕ್ತವನ್ನು ಆಗಾಗ್ಗೆ ಎಣಿಸಿ ನೋಡುವುದೂ, ಬಿ-12 ಎಷ್ಟಿದೆಯೆಂದು ಮೊದಲೇ ಪರೀಕ್ಷಿಸುವುದೂ ಅವಶ್ಯವೆಂದು ನಾನು ದೃಢವಾಗಿ ನಂಬುವೆನು. ಹಿಂದೆ ನಮ್ಮವರು ಇದಕ್ಕೆಲ್ಲಾ ಮೈಸೂರಿಗೆ ಹೋಗಬೇಕಾಗಿತ್ತು. 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಹೆಂಗಸರಿಗೂ ಮಕ್ಕಳಿಗೂ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಬಾಗಿಲಿಗೋ, ದೊಡ್ಡಾಸ್ಪತ್ರೆಗೋ. 2016ರಲ್ಲಿ ಚಾಮರಾಜನಗರದಲ್ಲಿಯೇ ವೈದ್ಯಕೀಯ ಕಾಲೇಜು ಆರಂಭವಾಯಿತು. ದೂರವೆಂಬ ನೆವ ಇನ್ನು ನಮಗಿಲ್ಲ.

ಅರಿವಳಿಕೆ ವೈದ್ಯರನ್ನು ಕೇಳತಕ್ಕ ಮಾತುಗಳು ಹೆಚ್ಚಲ್ಲ. ನಗೆಗಾಳಿಯನ್ನು ಕೊಡುವಿರಾ? ಎಷ್ಟು ಹೊತ್ತು? ಮತ್ತೆ ಕೊಡಬೇಕಾಗಿ ಬರುವುದೋ? ನಮ್ಮ ಮಗಳು ಹಾಲನ್ನೂ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಅಥವಾ ಇಂಥ ಗುಳಿಗೆ ನುಂಗುತ್ತಿರುವಳು, ಇದರಿಂದ ಬಾಧಕವುಂಟೋ? ಇದನ್ನು ಕೇಳಿದರೆ ವೈದ್ಯರಿಗೆ ಅವಮಾನವೆಂದೂ, ದೇವರಲ್ಲಿ ಭರವಸೆ ಸಾಲದೆಂದೂ ಎಣಿಸುವವರುಂಟು. ಎರಡೂ ಸರಿಯಲ್ಲ. ಕಾಗದದ ಮೇಲೆ ನಮ್ಮ ರುಜುವನ್ನು ಕೇಳುವುದೇ ನಾವು ತಿಳಿದು ಒಪ್ಪಬೇಕೆಂಬುದಕ್ಕಾಗಿ.

ದೊಡ್ಡ ಊರುಗಳಲ್ಲಿ ಓದುತ್ತಿರುವ ಮಕ್ಕಳ ತಾಯ್ತಂದೆಗಳಿಗೆ ಒಂದು ಮಾತು. ಈ ಗಾಳಿಯನ್ನು ಕೇಕಿನ ಕೆನೆಯನ್ನು ನೊರೆಯೆಬ್ಬಿಸಲು ಚಿಕ್ಕ ಡಬ್ಬಿಗಳಲ್ಲಿ ತುಂಬಿ ಮಾರುವರು. ಅದನ್ನು ಬಲೂನಿಗೆ ತುಂಬಿ ಮತ್ತಿಗಾಗಿ ಸೇದುವ ಚಟವು ಹೊರದೇಶಗಳಲ್ಲಿ ಹಬ್ಬಿ, ಎಳೆಯರು ಕಾಲು ಬಿದ್ದು ಆಸ್ಪತ್ರೆ ಸೇರಿದುದರಿಂದ, ಬ್ರಿಟಿಷ್ ಸರ್ಕಾರವು 2023ರ ನವೆಂಬರಿನಿಂದ ಅದನ್ನು ಮಾದಕವಸ್ತುಗಳ ಪಟ್ಟಿಗೆ ಸೇರಿಸಿತು.

ಕೊನೆಯದಾಗಿ, ಶಸ್ತ್ರಕ್ರಿಯೆಯ ಕೊಠಡಿಗಳಲ್ಲಿ ದಾದಿಯರಾಗಿಯೂ ಅರಿವಳಿಕೆ ಸಹಾಯಕಿಯರಾಗಿಯೂ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ವಿಷಯ. ರೋಗಿಯು ಈ ಗಾಳಿಯನ್ನು ಜೀವಮಾನದಲ್ಲಿ ಒಂದೆರಡು ಸಲ ಉಸಿರಾಡುವನು. ಯಂತ್ರದಿಂದ ಸೋರಿದುದನ್ನು ನೀವು ದಿನವೂ ಉಸಿರಾಡುವಿರಿ. 1992ರಲ್ಲಿ ಅಮೆರಿಕದ ದಂತವೈದ್ಯರ ಸಹಾಯಕಿಯರನ್ನು ಕುರಿತು ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ಸೋರಿದ ಗಾಳಿಯನ್ನು ಹೊರಕ್ಕೆ ಎಳೆದು ಹಾಕುವ ಏರ್ಪಾಡಿಲ್ಲದ ಕೊಠಡಿಗಳಲ್ಲಿ ವಾರಕ್ಕೆ ಐದು ಗಂಟೆ ಮತ್ತು ಅದಕ್ಕೂ ಹೆಚ್ಚು ಕೆಲಸ ಮಾಡಿದವರಿಗೆ ಬಸಿರು ನಿಲ್ಲುವುದು ತಡವಾಯಿತೆಂದು ಕಂಡುಬಂದಿತು. ಏರ್ಪಾಡಿದ್ದ ಕಡೆ ಈ ತೊಂದರೆ ಕಾಣಲಿಲ್ಲ. ಅಮೆರಿಕದ ಒಂದು ಸರ್ಕಾರಿ ಸಂಸ್ಥೆಯು 1977ರಲ್ಲಿಯೇ ಕೊಠಡಿಯ ಹವೆಯ ಹತ್ತು ಲಕ್ಷ ಪಾಲಿನಲ್ಲಿ ಈ ಗಾಳಿಯು 25 ಪಾಲನ್ನು ಮೀರಬಾರದೆಂದು ಸಲಹೆ ಕೊಟ್ಟಿತ್ತು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ, ತಾನು ಕೆಲಸ ಮಾಡುವ ಕೊಠಡಿಯಲ್ಲಿ ಯಂತ್ರದ ಬಿಟ್ಟಗಾಳಿಯ ಕೊಳವೆಯು ನೆಲದ ಮೇಲೆಯೇ ಬಿದ್ದಿರುವುದೆಂದೂ, ಬಸುರಿಯಾದ ಮೇಲೆ ಬೇರೆ ವಾರ್ಡಿಗೆ ಹಾಕಿರೆಂದು ಕೇಳಿದ್ದಕ್ಕೆ ಇದೆಲ್ಲಾ ನೆವವೆಂದು ನಕ್ಕುಬಿಟ್ಟರೆಂದೂ ನನ್ನೊಡನೆ ಹೇಳಿಕೊಂಡಳು. ಅವಳು ಕೇಳಿದ್ದು ದಯೆಯನ್ನಲ್ಲ, ನ್ಯಾಯವನ್ನು. ಕೊಳವೆಯನ್ನು ಗೋಡೆಯಾಚೆಗೆ ಹಾಯಿಸಿ ಹೀರುವ ಯಂತ್ರಕ್ಕೆ ಜೋಡಿಸುವುದು ಒಂದು ಆಸ್ಪತ್ರೆಯ ಶಕ್ತಿಗೆ ಮೀರಿದ ವೆಚ್ಚವಲ್ಲ.

ಇಂಥ ಕೆಲಸದಲ್ಲಿರುವ ನಮ್ಮ ಸಹೋದರಿಯರು ತಮ್ಮ ಕೊಠಡಿಯಲ್ಲಿ ಈ ಏರ್ಪಾಡು ಉಂಟೋ ಇಲ್ಲವೋ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಬೇಕೆಂದು ಕೋರುವೆನು. ಯಾರ ಹೆಸರನ್ನೂ ಹೊರಗೆಡಹುವುದಿಲ್ಲ. ಹಳೆಯ ವಿದ್ಯಾರ್ಥಿನಿಯರ ಸಂಘದ ಮುಂದಿನ ಸಭೆಯಲ್ಲಿ ಆ ಕಾಗದಗಳನ್ನು ಓದಿಸಿ, ಇಲ್ಲವೆಂದು ಬಂದ ಕಡೆಗೆಲ್ಲಾ ಸಂಘದ ಪರವಾಗಿ ಮನವಿಯನ್ನು ಬರೆಯುವ ಭಾರವನ್ನು ನಾನೇ ವಹಿಸಿಕೊಳ್ಳುವೆನು.